ಗಡಿಗೆಯ ತಂಪು ಮಣ್ಣಿನದಲ್ಲ

ಬಳ್ಳಾರಿ ಕಡೆಯ ಹಿರಿಯರನ್ನು ಏಪ್ರಿಲ್ ತಿಂಗಳಲ್ಲಿ ಮಾತಿಗೆಳೆದರೆ, ಬಿಸಿಲಿನ ಸುದ್ದಿ ಮುಗಿಯುವ ಮೊದಲೇ ನೀರಿನ ಸುದ್ದಿ ಬರುತ್ತದೆ. ಮಾಳಿಗೆ ಮನೆಯ ಪಡಸಾಲೆಯಲ್ಲಿ ಹಸಿ ಮರಳಿನ ಮೇಲೆ ಕೂತ ಹರವಿ, ಅದಕ್ಕೆ ಸುತ್ತಿದ ಒದ್ದೆ ಗೋಣಿತಟ್ಟು, ಮುಚ್ಚಳದ ಮೇಲೆ ಬೋರಲು ಹಾಕಿದ ಹಿತ್ತಾಳೆ ಲೋಟ, ಲಾರಿಯ ಮುಂದೆ ಜೋತಾಡುತ್ತಿದ್ದ ಕ್ಯಾನ್ವಾಸಿನ ನೀರುಚೀಲ, ಪೇಟೆ ಬೀದಿಯ ಅರವಟ್ಟಿಗೆ. ಈ ನೆನಪುಗಳೆಲ್ಲ ನಿಜ. ಅವುಗಳ ಜೊತೆ ಬಂದ ಕಾರಣಗಳನ್ನು ಮಾತ್ರ ಒಂದಿಷ್ಟು ಸೋಸಿ ನೋಡಬೇಕು.

ಮೊದಲನೆಯದು, ಎಲ್ಲರ ಬಾಯಲ್ಲೂ ಇರುವುದು: ‘ಮಣ್ಣಂದ್ರ ತಂಪು, ಅದಕ್ಕ ಗಡಿಗಿ ನೀರು ತಣ್ಣಗ ಇರ್ತಾವ.’ ಹಾಗಿದ್ದರೆ ಉಪ್ಪಿನಕಾಯಿ ಭರಣಿಯಲ್ಲಿಟ್ಟ ನೀರೂ ತಣ್ಣಗಾಗಬೇಕಿತ್ತು. ಅದೂ ಮಣ್ಣಿನದೇ. ಆದರೆ ಅದರ ಮೈಗೆ ಗಾಜಿನಂಥ ಲೇಪವಿದೆ, ನೀರು ಹೊರಗೆ ಬರುವುದಿಲ್ಲ. ಭರಣಿಯ ನೀರು ಕೋಣೆಯಷ್ಟೇ ಬೆಚ್ಚಗೆ ಉಳಿಯುತ್ತದೆ. ತಂಪು ಹುಟ್ಟುವುದು ಗಡಿಗೆಯ ಹೊರಮೈಯಲ್ಲಿ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಒಸರಿ ಹೊರಗೆ ಬಂದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಗಡಿಗೆಯಿಂದ, ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದ ಶಾಖ ನಾಲ್ಕು ಜೂಲ್ ಚಿಲ್ಲರೆ, ಅಷ್ಟೇ. ಲೆಕ್ಕ ಹಾಕಿ ನೋಡಿ: ಹತ್ತು ಲೀಟರ್ ನೀರಿನಲ್ಲಿ 200 ಮಿಲಿಲೀಟರ್ ಆವಿಯಾಗಿ ಹೋದರೆ, ಹೊರಗಿನ ಶಾಖ ಒಳಬರದಿದ್ದ ಪಕ್ಷದಲ್ಲಿ, ಉಳಿದ ನೀರು ಹನ್ನೊಂದು ಡಿಗ್ರಿಗೂ ಮಿಕ್ಕಿ ತಣಿಯಬಹುದು. ಹೊರಗಿನ ಶಾಖ ಬರುತ್ತಲೇ ಇರುತ್ತದೆ, ಆದ್ದರಿಂದ ಗಡಿಗೆ ದಿನವಿಡೀ ಒಸರುತ್ತಲೇ ಇರಬೇಕು.

ಇಲ್ಲಿ ಮಣ್ಣಿನ ಪಾಲಿಗಿಂತ ಗಾಳಿಯ ಪಾಲು ದೊಡ್ಡದು. ಬಳ್ಳಾರಿಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸ ಸುದ್ದಿಯಲ್ಲ. ಆದರೆ ಆ ಗಾಳಿ ಒಣಗಾಳಿ. ತುಟಿ ಒಡೆಸುವ, ಹಸಿ ಬಟ್ಟೆಯನ್ನು ಕ್ಷಣದಲ್ಲಿ ಒಣಗಿಸುವ ಆ ಗಾಳಿಯನ್ನು ನಾವು ಬೈಯುತ್ತೇವೆ. ಗಡಿಗೆ ಬದುಕುವುದೇ ಅದರಿಂದ. 40 ಡಿಗ್ರಿ ಬಿಸಿಲು, ಗಾಳಿಯ ಸಾಪೇಕ್ಷ ತೇವಾಂಶ ಶೇ 20 ಎಂದಿಟ್ಟುಕೊಳ್ಳಿ. ಆವಿಯಾಗುವುದರಿಂದ ನೀರು ಇಳಿಯಬಹುದಾದ ಕಟ್ಟಕಡೆಯ ಮಟ್ಟ ಸುಮಾರು 23 ಡಿಗ್ರಿ. ಅದೇ ಮಂಗಳೂರಿನಂಥ ಕರಾವಳಿಯಲ್ಲಿ 33 ಡಿಗ್ರಿ, ತೇವಾಂಶ ಶೇ 75 ಇದ್ದ ದಿನ ಆ ಮಟ್ಟ 29 ಡಿಗ್ರಿ. ಹೆಚ್ಚು ಸುಡುವ ಊರಿನ ಗಡಿಗೆಯೇ ಹೆಚ್ಚು ತಂಪು. ಹವಾಮಾನ ಕೇಂದ್ರದವರು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದಿಂದ ಅಳೆಯುವುದು ಈ ಮಟ್ಟವನ್ನೇ.

ಹಾಗಾಗಿ ‘ನಮ್ಮ ಕಾಲದ ಹರವಿ ನೀರು ಫ್ರಿಜ್ಜಿನ ನೀರಿಗಿಂತ ತಣ್ಣಗಿತ್ತು’ ಎಂಬ ಮಾತನ್ನು ಪ್ರೀತಿಯಿಂದ ಕೇಳಿಸಿಕೊಳ್ಳಬೇಕು, ನಂಬಬಾರದು. ಎಂಥ ಒಳ್ಳೆಯ ಗಡಿಗೆಯೂ ಆ 23ರ ಕೆಳಗೆ ಇಳಿಯದು. ಸಾಮಾನ್ಯವಾಗಿ ಅದಕ್ಕಿಂತ ಕೆಲವು ಡಿಗ್ರಿ ಮೇಲೇ ನಿಲ್ಲುತ್ತದೆ. ಫ್ರಿಜ್ಜು ನಾಲ್ಕೈದು ಡಿಗ್ರಿಗೆ ಇಳಿಸುತ್ತದೆ. ಹೊಲದಿಂದ ಬಂದು ಎರಡು ಚೆಂಬು ಗಟಗಟ ಇಳಿಸಿದವನ ಗಂಟಲಿಗೆ ಮಾತ್ರ ಈ ಲೆಕ್ಕ ಬೇಕಿರಲಿಲ್ಲ, ಅದು ಬೇರೆ ಮಾತು.

ಗಾಳಿಯ ಪಾಲು ಗೊತ್ತಾದರೆ ಇನ್ನೂ ಕೆಲವು ನಂಬಿಕೆಗಳು ತಾವಾಗಿಯೇ ಸಡಿಲಾಗುತ್ತವೆ. ಮಳೆಗಾಲದಲ್ಲಿ ಗಡಿಗೆ ಇನ್ನಷ್ಟು ಚೆನ್ನಾಗಿ ತಣಿಸುತ್ತದೆ ಎನ್ನುವುದು ತಿರುವುಮುರುವು: ಆಗ ನೀರು ತಣ್ಣಗಿದ್ದರೆ ಅದು ಹವೆಯ ಕೃಪೆ, ಗಡಿಗೆಯ ಕೆಲಸ ಕಡಿಮೆ. ಸಿರುಗುಪ್ಪದ ತುಂಗಭದ್ರೆ ದಡದಲ್ಲಿ, ಭತ್ತದ ಗದ್ದೆಗಳಲ್ಲಿ ನೀರು ನಿಂತ ದಿನಗಳಲ್ಲಿ ಗಾಳಿಗೆ ಒಂದಿಷ್ಟು ತೇವ ಸೇರುತ್ತದೆ. ಅಷ್ಟರಮಟ್ಟಿಗೆ ಗಡಿಗೆಗೆ ತೊಡಕು. ಕುರುಗೋಡಿನ ಬಂಡೆಗುಡ್ಡಗಳ ಮಗ್ಗುಲಲ್ಲಿ ತೊಡಕು ಬೇರೆ. ಹಗಲೆಲ್ಲ ಕಾದ ಕಲ್ಲು ರಾತ್ರಿಯವರೆಗೂ ಶಾಖ ಬಿಡುತ್ತದೆ, ಕಾದ ಬಂಡೆಯ ಮೇಲಿಟ್ಟ ಗಡಿಗೆ ಕೆಳಗಿನಿಂದ ಬಿಸಿ ಹೀರುತ್ತದೆ. ಹಸಿ ಮರಳಿನ ಹಾಸಿಗೆ ಅದಕ್ಕೇ ಬೇಕಿತ್ತು. ಅದು ಕೆಳಗಿನ ಬಿಸಿಯನ್ನು ತಡೆಯುತ್ತಿತ್ತು, ತಾನೂ ಆವಿಯಾಗಿ ತಣಿಯುತ್ತಿತ್ತು. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕ ಎರಡು ಮಡಕೆಗಳ ನಡುವೆ ಹಸಿ ಮರಳು ತುಂಬಿ ತರಕಾರಿ ಕಾಪಾಡುವ ವಿಧಾನ ಹರಡಿದ್ದಕ್ಕೆ 2000ನೇ ಇಸವಿಯಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ತತ್ತ್ವ ಇದೇ.

ಇನ್ನೊಂದು, ಈಚಿನದು: ಗಡಿಗೆಯನ್ನು ಏರ್‌ಕೂಲರ್ ಇರುವ ಕೋಣೆಯಲ್ಲಿ ಇಟ್ಟರೆ ಎರಡು ಪಟ್ಟು ತಂಪು ಎಂಬ ಎಣಿಕೆ. ಕೂಲರ್ ಕೂಡ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ನೀರನ್ನು ಆವಿ ಮಾಡುವ ಯಂತ್ರವೇ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಆ ತೇವವೆಲ್ಲ ಒಳಗೇ ತುಂಬುತ್ತದೆ. ಆಗ ಗಡಿಗೆಯೂ ಸೋಲುತ್ತದೆ, ಕೂಲರೂ ಸೋಲುತ್ತದೆ. ನೆರಳು ಮತ್ತು ಆಡುವ ಗಾಳಿ ಎರಡೂ ಇರುವ ಜಾಗವೇ ಸರಿ. ಗಾಳಿ ಆಡದ ದೇವರಮನೆ ಮೂಲೆಯೂ ಬೇಡ, ಬಿಸಿಲು ಬೀಳುವ ಅಂಗಳವೂ ಬೇಡ.

‘ಈ ಗಡಿಗಿ ಸೋರತೈತಿ, ಬ್ಯಾಡ’ ಎಂದು ಸಂತೆಯಲ್ಲಿ ತಳ್ಳಿಬಿಡುವವರಿದ್ದಾರೆ. ಹನಿ ಹನಿ ತೊಟ್ಟಿಕ್ಕುವುದು ಬಿರುಕು. ಮೈಯೆಲ್ಲ ಬೆವರಿದಂತೆ ನಸುಗಪ್ಪಾಗುವುದು ಗುಣ. ಜೇಡಿಯಲ್ಲಿ ಬೆರೆಸಿದ ಬೂದಿ, ಮರಳು, ಭತ್ತದ ಹೊಟ್ಟು ಇಲ್ಲಿ ಕೆಲಸಕ್ಕೆ ಬರುತ್ತವೆ. ಹೊಟ್ಟು ಆವಿಗೆಯಲ್ಲಿ ಉರಿದುಹೋದ ಕಡೆ ರಂಧ್ರ ಉಳಿಯುತ್ತದೆ. ಈಗ ಹೂಬಳ್ಳಿಯ ಚಿತ್ತಾರದೊಂದಿಗೆ ಎಣ್ಣೆಬಣ್ಣ ಬಳಿದ, ನಲ್ಲಿ ಕೂಡಿಸಿದ ಗಡಿಗೆಗಳು ಬರುತ್ತಿವೆ. ನಲ್ಲಿ ಒಳ್ಳೆಯದು, ಒಳಗೆ ಕೈ ಅದ್ದುವುದು ತಪ್ಪುತ್ತದೆ. ಬಣ್ಣ ಮಾತ್ರ ಗಡಿಗೆಯ ಉಸಿರು ಕಟ್ಟುತ್ತದೆ. ಎರಡನೇ ಬೇಸಿಗೆಗೆ ಗಡಿಗೆಯ ‘ಸತ್ವ ಹೋಯಿತು’ ಎನ್ನುವುದಕ್ಕೂ ಕಾರಣ ಹತ್ತಿರವೇ ಇದೆ. ನಮ್ಮ ಕೊಳವೆಬಾವಿಗಳ ಗಡಸು ನೀರು ಆವಿಯಾದಾಗ ಲವಣ ಉಳಿದು ರಂಧ್ರಗಳನ್ನು ಮುಚ್ಚುತ್ತದೆ. ಹೊರಮೈಯ ಬಿಳಿ ಹೊಪ್ಪಳೆ ಅದೇ. ತೆಂಗಿನ ನಾರಿನಿಂದ ತಿಕ್ಕಿದರೆ ಸ್ವಲ್ಪ ದಿನ ಚೇತರಿಸಿಕೊಳ್ಳುತ್ತದೆ.

ಕರಿ ಗಡಿಗೆ ಕೆಂಪಿಗಿಂತ ತಂಪೇ? ಬಣ್ಣ ಬರುವುದು ಸುಡುವಾಗ ಹೊಗೆ ಕಟ್ಟಿದರೋ, ಗಾಳಿ ಬಿಟ್ಟರೋ ಎಂಬುದರಿಂದ. ನೆರಳಲ್ಲಿ ಅದು ಲೆಕ್ಕಕ್ಕಿಲ್ಲ. ತಾಮ್ರದ ಕೊಡ ಮುಟ್ಟಿದರೆ ತಣ್ಣಗೆ ಅನ್ನಿಸುತ್ತದೆ, ಲೋಹ ನಮ್ಮ ಅಂಗೈಯ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ. ಒಳಗಿನ ನೀರು ಕೋಣೆಯಷ್ಟೇ ಬಿಸಿ. ಒದ್ದೆ ಬಟ್ಟೆ ಸುತ್ತಿದರೆ ಮಾತು ಬೇರೆ.

ಇವೆಲ್ಲ ನಿರುಪದ್ರವಿ ತಪ್ಪುಗಳು. ಒಂದು ಮಾತ್ರ ಹಾಗಲ್ಲ: ಗಡಿಗೆ ನೀರನ್ನು ಶುದ್ಧ ಮಾಡುತ್ತದೆ ಎಂಬುದು. ರಂಧ್ರದ ಮೂಲಕ ಹಾದ ನೀರು ಆವಿಯಾಗಿ ಹೋಗುತ್ತದೆ. ನಾವು ಕುಡಿಯುವುದು ಹಾಯದೆ ಒಳಗೇ ಉಳಿದ ನೀರನ್ನು. ಮೇಲೆ ಮುಚ್ಚಿಟ್ಟರೆ ಕಸ ತಳಕ್ಕಿಳಿಯಬಹುದು, ಅಷ್ಟೇ. ಬಳ್ಳಾರಿ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಿದೆ. ಗಡಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಅದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರೋಗಾಣುಗಳೂ ಗಡಿಗೆಯಿಂದ ಹೋಗುವುದಿಲ್ಲ; ಅವುಗಳಿಗಾಗಿ ನೀರನ್ನು ಮೊದಲು ಕುದಿಸಿ ಆರಿಸಿ, ಆಮೇಲೆ ಗಡಿಗೆಗೆ ಹಾಕಿ.

ಆ ತಂಪು ಪುಕ್ಕಟೆ ಸಿಕ್ಕಿತ್ತು ಎಂಬುದನ್ನೂ ತಪ್ಪು ಕಲ್ಪನೆಗಳ ಪಟ್ಟಿಗೇ ಸೇರಿಸುತ್ತೇನೆ. ಬೇಸಿಗೆಯ ದಿನವೊಂದಕ್ಕೆ ದೊಡ್ಡ ಗಡಿಗೆ ಅರ್ಧ ಲೀಟರ್, ಒಂದು ಲೀಟರ್ ನೀರನ್ನು ಗಾಳಿಗೆ ಕೊಟ್ಟರೂ ಅಚ್ಚರಿಯಿಲ್ಲ. ಗೋಣಿತಟ್ಟು, ಮರಳು ತೋಯಿಸಲು ಬೇರೆ. ಬಾವಿ ಬತ್ತುವ ಕಾಲದಲ್ಲಿ ಆ ನೀರನ್ನು ತಲೆಯ ಮೇಲೆ, ಸೊಂಟದ ಮೇಲೆ ಹೊತ್ತು ತಂದವರು ಮನೆಯ ಹೆಣ್ಣುಮಕ್ಕಳು. ಹರವಿ ನೀರಿನ ರುಚಿಯನ್ನು ಹೆಚ್ಚು ಕೊಂಡಾಡುವವರು ಕುಡಿದವರೇ ಹೊರತು ಹೊತ್ತವರಲ್ಲ ಎಂಬುದು ನನ್ನ ಗಮನಕ್ಕೆ ಬಂದ ಸಂಗತಿ.

‘ಶಿಲಾಯುಗದಿಂದಲೂ ನಮ್ಮವರಿಗೆ ಈ ವಿದ್ಯೆ ಗೊತ್ತಿತ್ತು’ ಎಂಬ ಹೆಮ್ಮೆಗೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗಳನ್ನು ಸಾಕ್ಷಿಗೆ ಕರೆಯುವುದುಂಟು. ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್, ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಗೆದು ತೆಗೆದ ನವಶಿಲಾಯುಗದ ಮಡಕೆಗಳು ನಿಜಕ್ಕೂ ಹಳೆಯವು, ಬಹುಪಾಲು ಕೈಯಲ್ಲೇ ಮಾಡಿದವು. ಆದರೆ ಅವುಗಳಲ್ಲಿ ಹಲವಕ್ಕೆ ಮೈ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಹೊಳಪು ರಂಧ್ರಗಳನ್ನು ಒತ್ತಿ ಮುಚ್ಚುತ್ತದೆ; ಅದು ನೀರು ಒಸರದಿರಲಿ ಎನ್ನುವವರ ಕೆಲಸ. ಮಡಕೆ ಸಿಕ್ಕಿತೆಂದು ತಂಪು ನೀರಿನ ಕತೆ ಕಟ್ಟಲಾಗದು.

ಕೊಳ್ಳುವಾಗ ಬೆರಳಿನಿಂದ ತಟ್ಟಿ ‘ಠಣ್’ ಅಂದರೆ ತಂಪು ಗಡಿಗೆ ಎನ್ನುತ್ತಾರೆ. ಆ ಸದ್ದು ಹೇಳುವುದು ಬಿರುಕಿಲ್ಲ, ಚೆನ್ನಾಗಿ ಬೆಂದಿದೆ ಎಂಬುದನ್ನು ಮಾತ್ರ. ಅತಿಯಾಗಿ ಬೆಂದರೆ ರಂಧ್ರ ಕಡಿಮೆಯಾಗುತ್ತದೆ. ತಂಪಿನ ಪರೀಕ್ಷೆ ಬೇರೆ. ಬಣ್ಣವಿಲ್ಲದ ಗಡಿಗೆ ಕೊಂಡು ಮನೆಗೆ ತಂದು ಒಂದು ದಿನ ನೆನೆಹಾಕಿ, ತುಂಬಿ, ಗಾಳಿಯಾಡುವ ನೆರಳಲ್ಲಿಟ್ಟು ಮಧ್ಯಾಹ್ನ ಹೊರಮೈ ಸವರಿ ನೋಡಿ. ಅಂಗೈ ಒದ್ದೆಯಾದರೆ ಕೊಟ್ಟ ದುಡ್ಡು ಸಾರ್ಥಕ.