ಹೊರಗೆ ರೋಹಿಣಿ ಬಿಸಿಲು, ಒಳಗೆ ಎ.ಸಿ. ಚಳಿ

‘ರೋಹಿಣಿ ಕಾರ್ತೆಲೋ ರೋಳ್ಳು ಪಗುಲುತಾಯಿ’ ಅಂತ ನಮ್ಮ ಕಡೆ ತೆಲುಗಿನಲ್ಲೊಂದು ಗಾದೆ. ರೋಹಿಣಿ ಬಿಸಿಲಿಗೆ ಒರಳುಕಲ್ಲು ಕೂಡ ಸೀಳಿಬಿಡುತ್ತೆ ಅಂತ ಅರ್ಥ. ಮೇ ತಿಂಗಳ ಕಡೇ ವಾರ ಕೊಡಿಕೊಂಡಕ್ಕೆ ಬಂದು ನೋಡಿ, ಗಾದೆ ಸುಳ್ಳಲ್ಲ ಅಂತ ಗೊತ್ತಾಗುತ್ತೆ. ಕನ್ನಡ ಮಾತಾಡೋರು, ತೆಲುಗು ಮಾತಾಡೋರು ಎಲ್ಲಾ ಒಂದೇ ಬೇವಿನ ಮರದಡಿ ಸೇರಿರುತ್ತೇವೆ. ಬಿಸಿಲಿಗೆ ಚೆಕ್‌ಪೋಸ್ಟ್ ಇಲ್ಲವಲ್ಲ.

ಮೊದಲೆಲ್ಲಾ ನಮ್ಮೂರ ಕಡೆ ಮಿದ್ದೆ ಮನೆಗಳೇ. ಕಲ್ಲು ಚಪ್ಪಡಿ, ಮೇಲೆ ದಪ್ಪಕ್ಕೆ ಮಣ್ಣು. ಮಧ್ಯಾಹ್ನ ಒಳಗೆ ಬಂದರೆ ಕಣ್ಣಿಗೂ ಮೈಗೂ ತಂಪು. ಈಗ ಮೋಲ್ಡ್ ಮನೆ, ಇಲ್ಲವೇ ಶೀಟಿನ ಮನೆ. ಹಗಲೆಲ್ಲಾ ಕಾದ ಮೋಲ್ಡ್ ರಾತ್ರಿ ಹತ್ತಾದರೂ ಕಾವು ಬಿಡೋದಿಲ್ಲ. ಹಾಗಾಗಿ ಸಾಲ ಮಾಡಿಯಾದರೂ ಎ.ಸಿ. ತರುವ ಕಾಲ ನಮ್ಮ ಹಳ್ಳಿಗಳಿಗೂ ಬಂತು. ಹೆದ್ದಾರಿಯ ಲಾರಿಗಳಿಗೂ ಬಂತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಇಂಜಿನ್ ಕಾವಿನ ಪಕ್ಕದಲ್ಲೇ ಕೂತು ಹಗಲೂ ರಾತ್ರಿ ಓಡಿಸುವ ಡ್ರೈವರಣ್ಣಗಳಿಗೆ ಇದು ಆಗಬೇಕಾದ್ದೇ.

ಇನ್ನು ನನ್ನ ಕಥೆ. ಹೋದ ಬೇಸಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಧೂಳು ತಾಗಬಾರದು ಅಂತ ಹಿಂದೂಪುರದಲ್ಲಿರುವ ಮಗನ ಮನೆಯಲ್ಲಿ ಮೂರು ವಾರ ಇದ್ದೆ. ರೂಮಿಗೆ ಎ.ಸಿ. ಹಾಕಿಸಿದ್ದಾನೆ. ಹದಿನೆಂಟಕ್ಕೆ ಇಟ್ಟು, ಮೇಲೆ ರಗ್ಗು ಹೊದೆಸಿ, “ಹಾಯಾಗಿ ಮಲಕ್ಕೋ ನಾಯ್ನಾ” ಅಂದ. ಹಾಯಾಗೇ ಇತ್ತು ಅನ್ನಿ. ಬೆಳಿಗ್ಗೆ ಎದ್ದರೆ ಮಾತ್ರ ಗಂಟಲು ಒಣಗಿ ಮಾತೇ ಹೊರಡದು. ಕಣ್ಣಲ್ಲಿ ಮರಳು ಹಾಕಿದ ಹಾಗೆ ಗರಗರ. ಬಾಯಾರಿಕೆ ಅನ್ನೋದೇ ತಿಳಿಯದೆ ದಿನಕ್ಕೆ ಮೂರು ಲೋಟ ನೀರು ಕುಡಿದರೆ ಹೆಚ್ಚು.

ಊರಿಗೆ ವಾಪಸ್ಸು ಬಂದ ಮರುದಿನವೇ ಕಡ್ಲೇಕಾಯಿ ಹೊಲದ ಕಡೆ ಹೋದೆ. ಹನ್ನೊಂದು ಗಂಟೆಗೆ ತಲೆ ಗಿರ್ರಂತು, ಮೀನಖಂಡ ಹಿಡಕೊಂತು, ವಾಂತಿ ಬಂದ ಹಾಗಾಗಿ ಬದುವಿನ ಮೇಲೆ ಕೂತುಬಿಟ್ಟೆ. ಪಕ್ಕದ ಹೊಲದವರು ಬಂದು ಹುಣಸೆ ಮರದಡಿ ಮಲಗಿಸಿ, ಒದ್ದೆ ಟವೆಲ್ ಹಾಕಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದರು. ನಲವತ್ತು ವರ್ಷ ಅದೇ ಬಿಸಿಲಲ್ಲಿ ಗೇದ ಮೈ ಇದು. ಈಗೇನಾಯಿತು ಇದಕ್ಕೆ?

ಡಾಕ್ಟರು ಬಿಡಿಸಿ ಹೇಳಿದರು. ಬಿಸಿಲಿಗೆ ಮೈ ಒಗ್ಗಬೇಕಾದರೆ ಒಂದೆರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತೆ, ಬೆವರಲ್ಲಿ ಉಪ್ಪು ಕಡಿಮೆ ಕಳೆಯುತ್ತೆ, ಎದೆಬಡಿತ ಹತೋಟಿಯಲ್ಲಿರುತ್ತೆ. ಮೂರು ವಾರ ತಂಪಲ್ಲೇ ಇದ್ದರೆ ಆ ಪಾಠವನ್ನೆಲ್ಲಾ ಮೈ ಮರೆತುಬಿಡುತ್ತೆ. “ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹಾಗೆ ಹೆಚ್ಚಿಸಿಕೊಂಡು ಹೋಗಬೇಕಿತ್ತು ಯಜಮಾನ್ರೇ” ಅಂದರು. ಎತ್ತಿಗಾದರೂ ನಾವು ಹಾಗೇ ಮಾಡ್ತೀವಿ, ರಜೆ ಮೇಲಿದ್ದ ಎತ್ತನ್ನ ಮೊದಲ ದಿನವೇ ಪೂರಾ ಉಳುಮೆಗೆ ಹೂಡೋದಿಲ್ಲ.

ಎ.ಸಿ.ಯಿಂದ ನೆಗಡಿ ಬರುತ್ತೆ ಅನ್ನೋರು ನಮ್ಮಲ್ಲಿ ಬಹಳ. ನೆಗಡಿ ತರೋದು ವೈರಸ್ಸು, ಚಳಿಯಲ್ಲ. ಆದರೆ ಎ.ಸಿ. ಗಾಳಿಯಲ್ಲಿನ ತೇವವನ್ನ ಹಿಂಡಿ ಪೈಪಿನಲ್ಲಿ ಹೊರಗೆ ಬಿಡುತ್ತೆ. ಒಣಗಾಳಿಗೆ ಮೂಗು, ಗಂಟಲು ಒಣಗುತ್ತವೆ. ಅದೂ ಅಲ್ಲದೆ ಮನೆಗಳಲ್ಲಿ ಹಾಕಿಸುವ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರೋದಿಲ್ಲ, ರೂಮಿನ ಗಾಳಿಯನ್ನೇ ಸುತ್ತಿಸುತ್ತೆ. ಕಿಟಕಿ ಮುಚ್ಚಿದ ರೂಮಲ್ಲಿ ಒಬ್ಬರು ಕೆಮ್ಮಿದರೆ ಉಳಿದವರಿಗೂ ಪಾಲು. ಕ್ಷಯದಂಥ ರೋಗ ಇದ್ದವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ದಿನಕ್ಕೆ ಎರಡು ಸಲವಾದರೂ ಕಿಟಕಿ ತೆಗೆದಿಡಬೇಕು, ಫಿಲ್ಟರ್ ಬಿಚ್ಚಿ ತೊಳೆಯಬೇಕು. ನನ್ನ ಮಗ ಎ.ಸಿ. ಹಾಕಿಸಿದಾಗಿಂದ ಅದನ್ನ ತೊಳೆದೇ ಇರಲಿಲ್ಲ. ಬಿಚ್ಚಿದರೆ ಒಳಗೆ ಕಂಬಳಿಯಷ್ಟು ಧೂಳು!

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರಿಗೆ ಒಂದು ವಿಚಿತ್ರ ನ್ಯುಮೋನಿಯಾ ತಗುಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ‘ಲೀಜನೇರ್ಸ್ ಕಾಯಿಲೆ’ ಅಂತ ಹೆಸರಾಯಿತು. ಹೋಟೆಲಿನ ದೊಡ್ಡ ಎ.ಸಿ.ಯ ನೀರಿನ ಗೋಪುರದಲ್ಲಿ ಬೆಳೆದ ಬ್ಯಾಕ್ಟೀರಿಯಾವೇ ಇದಕ್ಕೆ ಮೂಲ ಎಂದು ಎಣಿಸಲಾಗಿದೆ. ಮನೆಯ ಎ.ಸಿ.ಗೆ ಅಂಥ ಗೋಪುರ ಇರೋದಿಲ್ಲ, ಆ ಭಯ ಬೇಡ.

ಹಾಗಂತ ಎ.ಸಿ. ಕಿತ್ತುಹಾಕಿ ಅಂತ ನಾನು ಹೇಳೋದಿಲ್ಲ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ, ತೆಲಂಗಾಣ ಎರಡೂ ಸೇರಿ ಸುಮಾರು ಎರಡು ಸಾವಿರ ಜನ ತೀರಿಕೊಂಡರು. ‘ವಡದೆಬ್ಬ’ ಅನ್ನುವ ಆ ಹೊಡೆತಕ್ಕೆ ಹೆಚ್ಚಾಗಿ ಸಿಗೋದು ವಯಸ್ಸಾದವರು, ಕೂಲಿಯವರು. ಮೈ ಬೆಂಕಿಯಾಗಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕಬಾರದು. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು. ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಫ್ಯಾನು ಬಿಸಿಗಾಳಿಯನ್ನೇ ಮೈಗೆ ತೂರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ. ಅಂಥ ಹೊತ್ತಲ್ಲಿ ತಂಪು ಕೋಣೆಯೇ ಜೀವ ಕಾಯುತ್ತೆ. ನಮ್ಮ ಕೂಲಿ ಹೆಂಗಸರಿಗೆ ಆ ಕೋಣೆ ಎಲ್ಲಿದೆ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ಎ.ಸಿ.ಯನ್ನ 27ಕ್ಕೆ ಇಟ್ಟು ಜೊತೆಗೆ ಫ್ಯಾನು ಹಾಕಿದರೆ ಸಾಕು ಅಂತಲೂ ಅದೇ ಸಂಸ್ಥೆ ಹೇಳುತ್ತೆ. ನಮ್ಮ ದೇಶದಲ್ಲಿ 2020ರಿಂದ ಹೊಸ ಎ.ಸಿ.ಗಳು ಹಾಕಿದ ಕೂಡಲೇ 24ರಲ್ಲಿ ನಿಲ್ಲುವ ಹಾಗೆ ಬರುತ್ತಿವೆ. ಅದನ್ನ ಹದಿನೆಂಟಕ್ಕೆ ಇಳಿಸೋರು ನಾವೇ.

ಮೊನ್ನೆ ಮಗನ ಮನೆಗೆ ಹೋದಾಗ ರಿಮೋಟು ನಾನೇ ಇಸಕೊಂಡು 27 ಮಾಡಿದೆ. “ಇಷ್ಟಕ್ಕೆ ಎ.ಸಿ. ಯಾಕೆ ನಾಯ್ನಾ?” ಅಂತ ಗೊಣಗಿದ. ಕರೆಂಟು ಬಿಲ್ಲು ಬಂದ ಮೇಲೆ ಮಾತಾಡೋಣ ಅಂತ ಸುಮ್ಮನಾಗಿದ್ದೇನೆ.