ವೇಲ್ಸ್ ನಾಡಿನ ಕಾಲುದಾರಿಗಳು

ಬ್ರಿಟನ್ ದ್ವೀಪದ ಪಶ್ಚಿಮ ಪಾರ್ಶ್ವದಲ್ಲಿ ವೇಲ್ಸ್ ಎಂಬ ಚಿಕ್ಕ ನಾಡೊಂದುಂಟು. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಒಂಬತ್ತನೆಯ ಒಂದು ಪಾಲಿನಷ್ಟು. ಜನಸಂಖ್ಯೆ ಸುಮಾರು 31 ಲಕ್ಷ. ಕುರಿಗಳ ಸಂಖ್ಯೆಯಾದರೋ ಜನರ ಎರಡು ಪಟ್ಟಿಗಿಂತಲೂ ಹೆಚ್ಚು! ಒಂದು ಕಾಲಕ್ಕೆ ಕಲ್ಲಿದ್ದಲಿನ ಗಣಿಗಳೂ ಸ್ಲೇಟು ಕಲ್ಲಿನ ಗಣಿಗಳೂ ಈ ನಾಡಿಗೆ ಅನ್ನವಿಕ್ಕಿದವು. ಅವು ಬಹುಮಟ್ಟಿಗೆ ಮುಚ್ಚಿಹೋಗಿರುವ ಇಂದು, ಅಲ್ಲಿಯ ಬೆಟ್ಟ, ಕಣಿವೆ, ಸರೋವರ, ಕಡಲತೀರಗಳನ್ನು ಕಾಲ್ನಡಿಗೆಯಿಂದ ನೋಡಲು ಜನರು ಮಕ್ಕಳುಮರಿಯೊಡನೆ ಬರುತ್ತಾರೆ.

ವಿಲಾಯಿತಿಯ ಪ್ರವಾಸವೆಂದರೆ ಹಣವಂತರ ಮಾತು ಎಂದು ನಮ್ಮ ವಾಚಕರು ಪುಟ ತಿರುವಬಾರದು. ನಾವು ಹೇಳಹೊರಟಿರುವುದು ವಿಮಾನದ ಟಿಕೆಟ್ಟಿನ ವಿಷಯವನ್ನಲ್ಲ. ವಾರವೆಲ್ಲ ಅಂಗಡಿಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ದುಡಿದ ಸಾಮಾನ್ಯ ಗೃಹಸ್ಥನೊಬ್ಬನು ರಜೆಯ ದಿನ ಹೆಂಡತಿ ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು, ದೊಡ್ಡ ಜಮೀನುದಾರನ ಹೊಲಗದ್ದೆಗಳ ನಡುವೆಯೇ ದಿನವಿಡೀ ತಿರುಗಾಡಿ ಬರಬಲ್ಲನು. ಅವನು ಶುಲ್ಕ ಕೊಡಬೇಕಾಗಿಲ್ಲ, ‘ನೀನಾರು?’ ಎಂದು ಅವನನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಈ ಭಾಗ್ಯ ಅವನಿಗೆ ಹೇಗೆ ದೊರೆಯಿತೆಂಬುದು ತಿಳಿಯತಕ್ಕ ಸಂಗತಿ.

ಊರಿಂದ ಚರ್ಚಿಗೆ, ಗಣಿಗೆ, ಸಂತೆಗೆ ಜನರು ತಲೆಮಾರುಗಳಿಂದ ನಡೆದು ಸವೆಸಿದ ದಾರಿಯು, ನೆಲ ಯಾರದೇ ಆಗಿರಲಿ, ಸಾರ್ವಜನಿಕರ ದಾರಿ ಎಂಬುದು ಅಲ್ಲಿಯ ಹಳೆಯ ನ್ಯಾಯ. ಆದರೆ ತೆರೆದ ಬೆಟ್ಟ ಬಯಲುಗಳ ಮಾತು ಬೇರೆಯಾಗಿತ್ತು. ಅವುಗಳನ್ನು ಜಮೀನುದಾರರು ಬೇಟೆಗಾಗಿ ಕಾದಿರಿಸಿಕೊಂಡಿದ್ದರು. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಡರ್ಬಿಷೈರಿನಲ್ಲಿ, ಮ್ಯಾಂಚೆಸ್ಟರಿನ ಕಡೆಯ ನೂರಾರು ಮಂದಿ ದುಡಿಯುವ ತರುಣರು ನಿಷೇಧವನ್ನು ಮೀರಿ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಹತ್ತಿದರು. ಅವರಲ್ಲಿ ಐವರಿಗೆ ಸೆರೆಮನೆಯ ಶಿಕ್ಷೆಯಾಯಿತು. ಆ ಶಿಕ್ಷೆಯಿಂದ ಚಳುವಳಿಗೆ ಬಲ ಬಂದಿತೇ ಹೊರತು ಅದು ಅಡಗಲಿಲ್ಲ. 1949ರಲ್ಲಿ ಇಂಗ್ಲೆಂಡ್ ವೇಲ್ಸುಗಳೆರಡಕ್ಕೂ ಅನ್ವಯಿಸುವ ಕಾನೂನೊಂದು ಜಾರಿಗೆ ಬಂದಿತು. ಪ್ರತಿಯೊಂದು ಜಿಲ್ಲಾ ಆಡಳಿತವೂ ತನ್ನ ಸೀಮೆಯ ಕಾಲುದಾರಿಗಳನ್ನು ಅಳೆದು ನಕ್ಷೆಯಲ್ಲಿ ಗುರುತಿಸಿ ದಾಖಲಿಸಬೇಕಾಯಿತು. ಅದೇ ಕಾನೂನಿನ ಫಲವಾಗಿ ವೇಲ್ಸಿನಲ್ಲಿ 1951, 1952 ಮತ್ತು 1957ರಲ್ಲಿ ಮೂರು ರಾಷ್ಟ್ರೀಯ ಉದ್ಯಾನಗಳು ಸ್ಥಾಪಿತವಾದುವು. 2000ದ ಇನ್ನೊಂದು ಕಾನೂನಿನ ಪ್ರಕಾರ, 2005ರಿಂದ ಬೆಟ್ಟ ಬಯಲುಗಳಲ್ಲಿಯೂ ನಡೆದಾಡುವ ಹಕ್ಕು ಜನರಿಗೆ ಸಿಕ್ಕಿತು.

ಇಂದು ವೇಲ್ಸಿನಲ್ಲಿ ಇಂತಹ ಸಾರ್ವಜನಿಕ ದಾರಿಗಳ ಒಟ್ಟು ಉದ್ದ ಸುಮಾರು 33,000 ಕಿಲೋಮೀಟರು. ಹೊಲದ ನಡುವೆ ಹಾಯ್ದುಹೋಗುವ ದಾರಿಯನ್ನು ಉತ್ತ ರೈತನು 14 ದಿನಗಳೊಳಗೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗುವಂತೆ ಸರಿಪಡಿಸಬೇಕು. ದಾರಿಗೆ ಅಡ್ಡಗಟ್ಟುವುದು ಅಪರಾಧ. ನಡೆಯುವವರ ಮೇಲೆಯೂ ಹೊಣೆಯುಂಟು. ತೆರೆದ ಗೇಟನ್ನು ಮುಚ್ಚಬೇಕು, ನಾಯಿಯನ್ನು ಕುರಿಗಳ ಮೇಲೆ ಬಿಡಬಾರದು, ಕಸವನ್ನು ಮನೆಗೆ ಹೊತ್ತು ತರಬೇಕು. ರೈತನ ಜೀವನಕ್ಕೆ ಹಾನಿಯಾಗದಂತೆ ನಡೆದರೆ ಮಾತ್ರ ಹಕ್ಕು ಗೌರವದಿಂದ ಉಳಿಯುತ್ತದೆ.

ದಾರಿಯನ್ನು ತೋರಿಸಲು ಕಂಬಗಳ ಮೇಲೆ ಹಳದಿ ಬಾಣದ ಗುರುತು ಇರುತ್ತದೆ. ಕೈಮರಗಳಲ್ಲಿ ಇಂಗ್ಲಿಷಿನ ಜೊತೆಗೆ ವೇಲ್ಸ್ ಭಾಷೆಯೂ ಇರುತ್ತದೆ. 2021ರ ಜನಗಣತಿಯಂತೆ ಆ ಭಾಷೆಯನ್ನಾಡುವವರು ನೂರಕ್ಕೆ ಹದಿನೆಂಟು ಮಂದಿಗೂ ಕಡಮೆ. ಆದರೂ ಸ್ನೋಡೋನಿಯ ಉದ್ಯಾನದ ಆಡಳಿತವು 2022ರಲ್ಲಿ ‘ಎರರಿ’ ಎಂಬ ದೇಶಭಾಷೆಯ ಹೆಸರನ್ನೇ ಬಳಸುವುದೆಂದು ನಿಶ್ಚಯಿಸಿತು. ಪರಭಾಷೆಯ ನಗರಗಳಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದಿರುವ ನಮಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಕ್ಕಳೊಡನೆ ಹೋಗುವವರಿಗೆ ಎತ್ತರದ ಶಿಖರವೇ ಆಗಬೇಕೆಂದೇನೂ ಇಲ್ಲ. ಡೊಲ್ಗೆಲೈ ಪಟ್ಟಣದಿಂದ ಬಾರ್ಮತ್ ಎಂಬ ಕಡಲತೀರದ ಊರಿನವರೆಗೆ, ಮೌದಾಖ್ ನದಿಯ ಅಳಿವೆಯ ಅಂಚಿನಲ್ಲಿ ಸುಮಾರು 15 ಕಿಲೋಮೀಟರಿನ ದಾರಿಯೊಂದುಂಟು. ಅದು 1965ರಲ್ಲಿ ನಿಂತುಹೋದ ರೈಲು ಮಾರ್ಗ. ರೈಲಿಗಾಗಿ ಮಾಡಿದ ನೆಲವಾದುದರಿಂದ ಏರಿಳಿತವಿಲ್ಲ. ಕೂಸುಗಳ ಗಾಡಿಯನ್ನೂ ತಳ್ಳಿಕೊಂಡು ಹೋಗಬಹುದು. ಕೊನೆಯಲ್ಲಿ ಅಳಿವೆಯನ್ನು ದಾಟುವುದು 1867ರಲ್ಲಿ ತೆರೆದ ಮರದ ಸೇತುವೆಯ ಮೇಲೆ. ಒಂದು ಪಕ್ಕದಲ್ಲಿ ರೈಲು ಓಡಿದರೆ ಇನ್ನೊಂದು ಪಕ್ಕದಲ್ಲಿ ಜನರು ನಡೆಯುತ್ತಾರೆ.

ಈಶಾನ್ಯದಲ್ಲಿ ಲಾಂಗೊಲೆನ್ ಪಟ್ಟಣದ ಬಳಿ ಇನ್ನೊಂದು ಸೋಜಿಗವಿದೆ. ಡೀ ನದಿಯ ಕಣಿವೆಯ ಮೇಲೆ, 38 ಮೀಟರ್ ಎತ್ತರದಲ್ಲಿ, ಕಬ್ಬಿಣದ ತೊಟ್ಟಿಯೊಳಗೆ ಕಾಲುವೆಯೇ ಸೇತುವೆಯಾಗಿ ಹರಿಯುತ್ತದೆ! ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಎಂಬ ಇಂಜಿನಿಯರರು ಕಟ್ಟಿದ ಈ ಪಾಂಟ್‌ಕಸಿಲ್ತೆ ಮೇಲ್ಗಾಲುವೆ 1805ರಲ್ಲಿ ತೆರೆಯಿತು. 2009ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಒಂದು ಕಾಲಕ್ಕೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಮೇಲೆ ಈಗ ಕುಟುಂಬಗಳು ನಡೆಯುತ್ತವೆ. ಒಂದು ಕಡೆ ಕಂಬಿಯ ಬೇಲಿಯಿದ್ದರೂ ಮಕ್ಕಳ ಕೈ ಬಿಡುವ ಸ್ಥಳವಲ್ಲ ಅದು.

ನಮ್ಮ ವಾಚಕರಿಗೆ ಹೆಚ್ಚಿನ ಕುತೂಹಲವನ್ನುಂಟುಮಾಡತಕ್ಕದ್ದು ಎರರಿ ಬೆಟ್ಟಗಳ ನಡುವಣ ಬೆದ್‌ಗೆಲರ್ಟ್ ಎಂಬ ಹಳ್ಳಿ. ಹಳ್ಳಿಯಿಂದ ಹೊಳೆಯ ದಂಡೆಗುಂಟ ಸಮನಾದ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಮರದ ನೆರಳಿನಲ್ಲಿ ಸಮಾಧಿಯೊಂದು ಕಾಣುತ್ತದೆ. ಅದು ಗೆಲರ್ಟ್ ಎಂಬ ನಾಯಿಯದಂತೆ. ಹದಿಮೂರನೆಯ ಶತಮಾನದ ಲೂಅಲಿನ್ ಎಂಬ ರಾಜನು ಬೇಟೆಯಿಂದ ಹಿಂದಿರುಗಿದಾಗ, ಮಗುವಿನ ತೊಟ್ಟಿಲು ಮಗುಚಿಬಿದ್ದಿತ್ತು. ನಾಯಿಯ ಬಾಯಿ ರಕ್ತಮಯವಾಗಿತ್ತು. ಮಗುವನ್ನು ಕೊಂದಿತೆಂದು ಬಗೆದು ರಾಜನು ಅದನ್ನು ಕತ್ತಿಯಿಂದ ಇರಿದನು. ಮರುಗಳಿಗೆಯಲ್ಲಿ ತೊಟ್ಟಿಲಿನ ಕೆಳಗಿಂದ ಮಗುವಿನ ಅಳು ಕೇಳಿಸಿತು. ಪಕ್ಕದಲ್ಲಿ, ನಾಯಿ ಕೊಂದ ತೋಳ ಸತ್ತುಬಿದ್ದಿತ್ತು.

ಇದನ್ನು ಓದಿದೊಡನೆ ಮುಂಗುಸಿಯ ಕಥೆ ನೆನಪಿಗೆ ಬಾರದ ಕನ್ನಡಿಗರಾರು? ನಮ್ಮ ಪಂಚತಂತ್ರದ ಆ ಕಥೆಯೇ ಅರಬ್ಬೀ, ಲ್ಯಾಟಿನ್ ಮೊದಲಾದ ಭಾಷೆಗಳ ಮೂಲಕ ಊರೂರು ದಾಟಿ ಯೂರೋಪಿನ ಪಶ್ಚಿಮದ ಅಂಚನ್ನು ಸೇರಿತೆಂದು ಜಾನಪದ ಪಂಡಿತರು ಹೇಳುತ್ತಾರೆ. ಹಾವು ಹೋಗಿ ತೋಳ ಬಂದಿತು, ಮುಂಗುಸಿ ನಾಯಿಯಾಯಿತು. ಇನ್ನು ಆ ಸಮಾಧಿ? ಅದನ್ನು ರಾಜನು ಕಟ್ಟಿಸಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ವೇಲ್ಸಿನಿಂದ ಬಂದು ಅಲ್ಲಿ ನೆಲೆಸಿದ ಡೇವಿಡ್ ಪ್ರಿಚರ್ಡ್ ಎಂಬ ಹೋಟೆಲಿನ ಯಜಮಾನನು ಕಲ್ಲುಗಳನ್ನು ನಿಲ್ಲಿಸಿ ಈ ಕಥೆಯನ್ನು ಆ ಜಾಗಕ್ಕೆ ಅಂಟಿಸಿದನೆಂದು ಪ್ರತೀತಿ. ಪರಸ್ಥಳದಿಂದ ಬಂದು ಹೋಟೆಲು ನಡೆಸುವವನ ಜಾಣ್ಮೆ ಎಂಥದೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕೆ? ಅವನ ಗಿರಾಕಿಗಳು ಇನ್ನೂರು ವರ್ಷಗಳಾದರೂ ಬರುತ್ತಲೇ ಇದ್ದಾರೆ!

ವೇಲ್ಸಿನ ಅತ್ಯುನ್ನತ ಶಿಖರವಾದ ಸ್ನೋಡನ್, ದೇಶಭಾಷೆಯಲ್ಲಿ ಅರ್ ವಿದ್ವಾ, 1,085 ಮೀಟರ್ ಎತ್ತರವಾಗಿದೆ. ಲಾನ್‌ಬೆರಿಸ್ ಎಂಬ ಊರಿನಿಂದ ಶಿಖರದ ಕಡೆಗೆ 1896ರಲ್ಲಿ ಆರಂಭವಾದ ಹಲ್ಲುಗಾಲಿಯ ರೈಲು ಇದೆ. ಅದರ ಪಕ್ಕದಲ್ಲಿ ಸಾಗುವ ದಾರಿಯೇ ಎಲ್ಲಕ್ಕಿಂತ ಇಳಿಜಾರು ಕಡಮೆಯಾದದ್ದು. ಹೋಗಿಬರಲು ಹದಿನಾಲ್ಕು ಕಿಲೋಮೀಟರಿಗೂ ಮೇಲ್ಪಟ್ಟು ನಡೆಯಬೇಕು. ನಡೆದು ರೂಢಿಯಿರುವ ದೊಡ್ಡ ಮಕ್ಕಳು ಬೇಸಗೆಯ ಒಳ್ಳೆಯ ದಿನ ಇದನ್ನು ಏರಬಲ್ಲರು. ಚಳಿಗಾಲದಲ್ಲಿ ಈ ಸುಲಭದ ದಾರಿಯ ಮೇಲೂ ಹಿಮ ಗಟ್ಟಿಯಾಗಿ, ಜಾರಿ ಸತ್ತವರುಂಟು. ಕ್ರಿಬ್ ಗೋಖ್ ಎಂಬ ಕತ್ತಿಯಲಗಿನಂತಹ ಬೆಟ್ಟದ ಏಣಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಕಷ್ಟಕ್ಕೆ ಸಿಕ್ಕಿದವರನ್ನು ಮಳೆಗಾಳಿಯಲ್ಲಿ ಹುಡುಕಿ ತರುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರನ್ನು ಅಜಾಗರೂಕತೆಯಿಂದ ಅಪಾಯಕ್ಕೆಳೆಯುವುದು ತರವಲ್ಲ.

ಸಿದ್ಧತೆಯ ವಿಷಯದಲ್ಲಿ ಎರಡು ಮಾತು. ಎತ್ತರದ ಬೆಟ್ಟಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಆರೇಳು ಡಿಗ್ರಿ ಇಳಿಯುತ್ತದೆ. ಹತ್ತಿಯ ಬಟ್ಟೆ ನೆನೆದರೆ ಮೈಯ ಕಾವನ್ನು ಹೀರಿಬಿಡುವುದರಿಂದ ಉಣ್ಣೆಯ ಉಡುಪು, ಅದರ ಮೇಲೆ ಮಳೆಯಂಗಿ ಮೇಲು. ಜೊತೆಗೆ ನಕ್ಷೆ, ಸೀಟಿ, ಬ್ಯಾಟರಿ ದೀಪಗಳಿರಲಿ. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಸಹಾಯದ ಕರೆ. ಚಿಕ್ಕ ಮಗುವಿನ ನಡಿಗೆಯೇ ಇಡೀ ಕುಟುಂಬದ ನಡಿಗೆಯೆಂದು ತಿಳಿದು ಕಾಲದ ಲೆಕ್ಕ ಹಾಕಬೇಕು. ಅರ್ಧ ದಾರಿಯಿಂದ ಹಿಂದಿರುಗುವುದು ಅವಮಾನವಲ್ಲ.

ಅಂಗಡಿಯ ಗುಮಾಸ್ತನ ಮಗನಿಗೂ ಅರಮನೆಯ ಮಗನಿಗೂ ಆ ದಾರಿಯ ಮೇಲೆ ಸಮನಾದ ಹಕ್ಕು. ಅದನ್ನು ಯಾವ ದೊರೆಯೂ ದಾನವಾಗಿ ಕೊಡಲಿಲ್ಲ. ಹಳ್ಳಿಗರು ತಲೆತಲಾಂತರದಿಂದ ನಡೆದು ಅದನ್ನು ಉಳಿಸಿದರು. ದುಡಿಯುವ ತರುಣರು ಸೆರೆಮನೆ ಸೇರಿ ಅದನ್ನು ಬೆಳೆಸಿದರು. ಭಾನುವಾರಗಳಂದು ಬುತ್ತಿ ಹೊತ್ತು ಹೊರಡುವ ತಂದೆತಾಯಿಗಳು ತಮ್ಮ ಮಕ್ಕಳಿಗೆ ಕೈಹಿಡಿದು ಕಲಿಸುತ್ತಿರುವುದು ಆ ಹಕ್ಕನ್ನೇ.