ಎಣ್ಣೆಯ ಮೇಲೆ ತೇಲುವ ಎಂಜಿನ್

ಕಿಬ್ಬನಹಳ್ಳಿ ಕ್ರಾಸಿನ ಹತ್ತಿರದ ತೆಂಗಿನ ತೋಟದವರೊಬ್ಬರು ಕೇಳಿದ್ದಾರೆ: ‘ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ನೋಡ್ತಾ ಇದೀನಿ ಸಾರ್. ಒಂದು ಡಾಕ್ಟರು ಓಡಿಸಿದ್ದು, ಹತ್ತು ವರ್ಷಕ್ಕೆ ಬರೀ 28 ಸಾವಿರ ಕಿಲೋಮೀಟರ್. ಇನ್ನೊಂದೂ ಅದೇ ವಯಸ್ಸಿಂದು, ಬೆಂಗಳೂರಿಗೆ ಓಡಾಡಿ 90 ಸಾವಿರ ದಾಟಿದೆ. ಕಣ್ಣು ಮುಚ್ಚಿ ಮೊದಲನೇದು ತಗೋಬಹುದಲ್ವಾ?’

ಎರಡನೆಯದನ್ನು ಮೊದಲು ನೋಡಿ ಎಂದೇ ನಾನು ಹೇಳುವುದು. ‘ಕಡಿಮೆ ಓಡಿದೆ, ಎಂಜಿನ್ ಗಟ್ಟಿಯಾಗಿದೆ’ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಅದಕ್ಕಾಗಿಯೇ ಮೀಟರ್ ತಿರುಗಿಸುವವರ ಕಸುಬು ನಡೆಯುತ್ತಿದೆ. ಮೀಟರ್ ಅಸಲಿಯೇ ಇದ್ದರೂ ಈ ನಂಬಿಕೆ ಅರ್ಧ ಸತ್ಯ. ಅದೇಕೆಂದು ತಿಳಿಯಲು ಎಂಜಿನ್ನಿನ ಹೊಟ್ಟೆಯೊಳಗಿನ ಒಂದು ಬೆರಗನ್ನು ನೋಡಬೇಕು.

ಓಡುತ್ತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ತನ್ನ ಬೇರಿಂಗನ್ನು ಮುಟ್ಟುವುದೇ ಇಲ್ಲ! ಪಿಸ್ಟನ್ನುಗಳ ಹೊಡೆತವನ್ನೆಲ್ಲ ಹೊತ್ತು, ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೂ ಅದು ಕೂದಲಿಗಿಂತ ಎಷ್ಟೋ ತೆಳುವಾದ, ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಲೋಹಕ್ಕೆ ಲೋಹ ತಾಗದಿದ್ದ ಮೇಲೆ ಸವೆತವೆಲ್ಲಿಂದ ಬಂತು?

ಈ ಗುಟ್ಟು ಹೊರಬಿದ್ದದ್ದು 1880ರ ದಶಕದ ಇಂಗ್ಲೆಂಡಿನಲ್ಲಿ, ಅದೂ ಆಕಸ್ಮಿಕವಾಗಿ. ಬೀಚಂ ಟವರ್ ಎಂಬ ಎಂಜಿನಿಯರ್ ರೈಲು ಅಚ್ಚುಗಳ ಬೇರಿಂಗಿನಂಥದ್ದೊಂದನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದ. ಅಚ್ಚು ತಿರುಗಿಸಿದರೆ ಎಣ್ಣೆ ಒಳಗೆ ಇಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದ, ಬಿರಡೆ ಹಾರಿಹೋಯಿತು. ಮರದ ಗೂಟ ಹೊಡೆದ, ಅದನ್ನೂ ಎಣ್ಣೆ ಮೆಲ್ಲಗೆ ಹೊರಕ್ಕೆ ತಳ್ಳಿತು. ಕೊನೆಗೆ ಒತ್ತಡ ಅಳೆಯುವ ಗೇಜನ್ನೇ ಕೂರಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ತುದಿ ಮುಟ್ಟಿತು. ಬೇರಿಂಗಿನ ಮೇಲೆ ಅವನು ಹೇರಿದ್ದ ಭಾರ ಚದರ ಅಂಗುಲಕ್ಕೆ ಸರಾಸರಿ 100 ಪೌಂಡಿನಷ್ಟು ಮಾತ್ರ! 1883ರಲ್ಲಿ ಟವರ್ ಇದನ್ನು ವರದಿ ಮಾಡಿದ. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬಿಡಿಸಿಟ್ಟ. ತಿರುಗುವ ಅಚ್ಚು ತನಗಂಟಿದ ಎಣ್ಣೆಯನ್ನು ಇಕ್ಕಟ್ಟಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಸಿಕ್ಕಿಕೊಂಡ ಎಣ್ಣೆ ಅಚ್ಚನ್ನೇ ಎತ್ತಿ ಹಿಡಿಯುತ್ತದೆ. ಜೋರು ಮಳೆಯಲ್ಲಿ ವೇಗವಾಗಿ ಹೋಗುವ ಕಾರಿನ ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ಜಾರುವುದೂ ಇದೇ ಕಾರಣಕ್ಕೆ. ಅಲ್ಲಿ ಪ್ರಾಣಕ್ಕೆ ಕುತ್ತಾಗುವುದು ಎಂಜಿನ್ನಿನೊಳಗೆ ಪ್ರಾಣ ಕಾಯುತ್ತದೆ.

ಆದರೆ ಶಾಫ್ಟು ತಿರುಗಿದರೆ ಮಾತ್ರ ಈ ಪದರ. ನಿಂತ ಎಂಜಿನ್ನಿನಲ್ಲಿ ಶಾಫ್ಟು ಬೇರಿಂಗಿನ ಮೇಲೆ ಕೂತುಬಿಡುತ್ತದೆ, ಆಯಿಲ್ ಕೆಳಗಿನ ಸಂಪಿಗೆ ಇಳಿಯುತ್ತದೆ. ಬೆಳಿಗ್ಗೆ ಕೀ ತಿರುಗಿಸಿದ ಮೊದಲ ಕ್ಷಣಗಳಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ತಣ್ಣಗಿನ ಎಂಜಿನ್ನಿಗೆ ಇನ್ನೊಂದು ಕಾಟವೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೋದರೂ ಸ್ವಲ್ಪ ರಿಂಗ್‌ಗಳನ್ನು ದಾಟಿ ಆಯಿಲ್ ಸೇರುತ್ತದೆ. ದೂರ ಓಡಿಸಿದರೆ ಕಾದ ಆಯಿಲಿನಿಂದ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡಿದ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ನೀರು ಅಲ್ಲೇ ಉಳಿದು, ಆಯಿಲ್ ಕೆಟ್ಟು ಗಸಿಯಾಗುತ್ತದೆ. ತಿಪಟೂರಿನಲ್ಲಿ ಇಂಥ ‘ಕಡಿಮೆ ಓಡಿದ’ ಕಾರೊಂದರ ಆಯಿಲ್ ಮುಚ್ಚಳ ಬಿಚ್ಚಿ ನೋಡಿದ್ದೇನೆ. ಮುಚ್ಚಳದ ಒಳಮೈಗೆ ಕಾಫಿ ಬಣ್ಣದ ಕೆನೆ ಮೆತ್ತಿಕೊಂಡಿತ್ತು, ಅದರಡಿಯ ಕ್ಯಾಮ್ ಶಾಫ್ಟಿನ ಮೇಲೆ ಟಾರಿನಂಥ ಕರಿ ಪದರ.

ಹಾಗಾಗಿ ಕಾರು ನೋಡಲು ಬೆಳಿಗ್ಗೆಯೇ ಹೋಗಿ, ‘ಸ್ಟಾರ್ಟ್ ಮಾಡಬೇಡಿ, ನಾನು ಬರ್ತೀನಿ’ ಎಂದು ಹಿಂದಿನ ದಿನವೇ ಹೇಳಿ. ಹೋದವರು ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆನ್ನಿ. ತಣ್ಣಗಿದ್ದರೆ ಕೀ ತಿರುಗಿಸಿ: ಕೆಂಪು ಆಯಿಲ್ ದೀಪ ಹತ್ತಬೇಕು, ಎಂಜಿನ್ ಹಿಡಿದ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ದೀಪ ಹತ್ತದೇ ಇದ್ದರೆ ಯಾರೋ ವೈರ್ ಕಿತ್ತಿರಬಹುದು. ಅದೇ ಹೊತ್ತಿಗೆ ಕಿವಿಗೊಡಿ. ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಹಲವು ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಸವೆದ ಚೈನು ಸ್ಟಾರ್ಟ್ ಆದೊಡನೆ ಕಟಕಟ ಎನ್ನುತ್ತದೆ, ಒತ್ತಡ ಬಂದ ಮೇಲೆ ಸುಮ್ಮನಾಗುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ.

ಮಾರುತಿಯ 998 ಸಿಸಿಯ ಕೆ10 ಎಂಜಿನ್ 2010ರಿಂದ ವ್ಯಾಗನ್ ಆರ್‌ಗೂ ಬಂತು. ಮೂರೇ ಸಿಲಿಂಡರ್, ಹಾಗಾಗಿ ನಿಂತಲ್ಲಿ ತುಸು ನಡುಗುತ್ತದೆ. ಅದು ಅದರ ಹುಟ್ಟುಗುಣ. ಇದಕ್ಕೆ ಚೈನ್ ಇದೆ. ಸ್ಯಾಂಟ್ರೊ, 1.1 ಲೀಟರಿನ ಐ10 ಮುಂತಾದವಕ್ಕೆ ರಬ್ಬರ್ ಬೆಲ್ಟು. ರಬ್ಬರಿಗೆ ಕಿಲೋಮೀಟರ್ ಎಷ್ಟು ಮುಖ್ಯವೋ ವರ್ಷವೂ ಅಷ್ಟೇ ಮುಖ್ಯ. ಕಡಿಮೆ ಓಡಿದ ಹಳೆಯ ಕಾರಿನಲ್ಲಿ ಮೊದಲಿನ ಬೆಲ್ಟೇ ಇದ್ದರೆ ಅದು ಯಾವತ್ತು ಬೇಕಾದರೂ ಹರಿಯಬಹುದು. ಹರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಗುದ್ದುತ್ತದೆ. ನಮ್ಮ ಬಿಡದಿಯಲ್ಲೇ ತಯಾರಾದ ಎಟಿಯೋಸ್ ಲಿವಾ ಪೆಟ್ರೋಲ್ ಸಿಕ್ಕರೆ ಅದನ್ನೂ ನೋಡಿ, ಗಟ್ಟಿ ಗಾಡಿ.

ಡೀಸೆಲ್ ಸ್ವಿಫ್ಟ್ ತೋರಿಸುವವರೂ ಸಿಗುತ್ತಾರೆ. ಅದರ 1248 ಸಿಸಿ ಫಿಯಟ್ ಎಂಜಿನ್ ಅದ್ಭುತವಾದದ್ದು. ಇಂಡಿಕಾ ವಿಸ್ಟಾ, ಪುಂಟೊಗಳಲ್ಲೂ ಅದೇ ಇತ್ತು. ಅದರ ಟರ್ಬೊ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುವುದು ಅದೇ ಆಯಿಲ್ ಪದರದ ಮೇಲೆ. ದಿನವೂ ಬೆಂಗಳೂರಿಗೆ ಹೋಗುವವರಿಗೆ ಸರಿ. ತೋಟದಿಂದ ಕ್ರಾಸಿಗೆ, ಅಪರೂಪಕ್ಕೆ ತಿಪಟೂರು ಮಾರ್ಕೆಟ್ಟಿಗೆ ಓಡಾಡುವ ನಿಮಗೆ ಬೇಡ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ: ಎರಡನೇ ಕಾರಿನ ನಂಬರ್ ಕೂಡಿದರೆ ಎಂಟು ಬರುತ್ತದೆ, ಶನಿ ಎಂದು ಮನೆಯವರು ಹೆದರಿದ್ದಾರಂತೆ. ನಂಬರಿನ ಮೊದಲಿಗಿರುವ ಕೆಎ 44 ಎಂಬುದು ತಿಪಟೂರು ಆರ್‌ಟಿಒ ಗುರುತು. ಮುಂದಿನ ಅಂಕಿ ಸರದಿಯಲ್ಲಿ ಬಂದದ್ದು. ಅದನ್ನು ಕೂಡಿ ಭವಿಷ್ಯ ಹೇಳುವವರು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿದ್ದಾರೆಯೇ? ಕಷ್ಟಪಟ್ಟು ಕೊಬ್ಬರಿ ಮಾರಿದ ದುಡ್ಡನ್ನು ಇಂಥ ಮಾತಿಗೆ ಒಪ್ಪಿಸುವುದು ತಪ್ಪು, ಇದನ್ನು ಮುಲಾಜಿಲ್ಲದೆ ಹೇಳುತ್ತೇನೆ. ಹೆದರಬೇಕಾದದ್ದು ರೇಡಿಯೇಟರಿನೊಳಗಿನ ನೀರಿಗೆ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆಯಿರಿ. ಹಸಿರು ಅಥವಾ ಗುಲಾಬಿ ಬಣ್ಣದ ಕೂಲೆಂಟ್ ಇರಬೇಕಾದಲ್ಲಿ ಕೆಂಗಂದು ನೀರಿದ್ದರೆ, ತೋಟದ ಬೋರ್ ನೀರನ್ನೇ ಹುಯ್ದುಕೊಂಡು ಬಂದಿದ್ದಾರೆ. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣ ಬೇರೆಯಾಗಿ ಒಳಗೋಡೆಗೆ ಕಚ್ಚುತ್ತದೆ. ಅಲ್ಯೂಮಿನಿಯಮ್ಮಿಗಿಂತ ಹತ್ತಾರು ಪಟ್ಟು ನಿಧಾನವಾಗಿ ಶಾಖ ದಾಟಿಸುವ ಪದರ ಅದು. ಎಂಜಿನ್ ಹೀಟಾಗಿ ಹೆಡ್ ಬಾಗುತ್ತದೆ. ಎರಡನೇ ಕಾರಿನಲ್ಲಿ ಇದೊಂದು ಸರಿಯಿದ್ದು, ಸರ್ವಿಸ್ ಬಿಲ್ಲುಗಳಲ್ಲಿ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದ್ದರೆ ಮಾತಾಡಿ ಮುಗಿಸಿ. ಮನೆಗೆ ತಂದ ವಾರದಲ್ಲೇ ಆಯಿಲ್, ಫಿಲ್ಟರ್, ಕೂಲೆಂಟ್ ಮೂರನ್ನೂ ಬದಲಿಸಿ.